ಜಾರಿದ ಕಾಲಿಗೆ ಅಳತೆಯ ಕೋಲು

ಬಳ್ಳಿಗಾವಿಯ ಭೇರುಂಡ ಕಂಬ ನೋಡಲೆಂದು ಹೋದವನಿಗೆ ಅಲ್ಲಿ ಮಾತಿಗೆ ಸಿಕ್ಕಿದ್ದು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಒಬ್ಬ ಹೆಂಗಸು. ಆಸ್ಪತ್ರೆಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದರು. ಸೀಸನ್ನಿನಲ್ಲಿ ಅಡಿಕೆ ಸುಲಿಯುವುದು, ಉಳಿದಂತೆ ಜೋಳದ ಹೊಲ, ಶುಂಠಿ ಕೆಲಸ. ಕೈಗೆ ಏನಾಯಿತು ಎಂದು ಕೇಳಿದೆ. ಜಿಲ್ಲೆಯ ಒಂದು ಪೇಟೆಯ ಸೂಪರ್ ಮಾರ್ಕೆಟ್ಟಿನಲ್ಲಿ ಎಣ್ಣೆ ಪ್ಯಾಕೆಟ್ ಒಡೆದು ಚೆಲ್ಲಿತ್ತಂತೆ. ಕಾಲು ಜಾರಿದೆ, ಬೀಳುವಾಗ ಕೈ ಊರಿದ್ದಾರೆ, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ಅಂಗಡಿಯವರು ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, ಆಟೋ ಮಾಡಿ ಕಳಿಸಿದ್ದಾರೆ. ಕೆಲವು ದಿನ ಬಿಟ್ಟು ಎರಡು ಸಾವಿರ ರೂಪಾಯಿ ಕೊಡುತ್ತೇವೆಂದು ಒಂದು ಕಾಗದ ಕಳಿಸಿದ್ದಾರೆ. ಈ ವಿಷಯದಲ್ಲಿ ಮುಂದೆ ಯಾವ ಹಕ್ಕೂ ಕೇಳುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಮಗ ಬಂದು ಓದಲಿ ಅಂತ ಸಹಿ ಹಾಕದೆ ಇಟ್ಟುಕೊಂಡಿದ್ದರು.

"ತಪ್ಪು ನಂದೇ ಅಲ್ವಾ ಸಾರ್, ಕೆಳಗೆ ನೋಡ್ಕಂಡು ನಡೀಬೇಕಿತ್ತು" ಅಂದರು. ಈ ಲೇಖನ ಬರೆಯುತ್ತಿರುವುದೇ ಆ ಒಂದು ಮಾತಿಗಾಗಿ. ಎಣ್ಣೆ ಚೆಲ್ಲಿದ್ದು ಅಂಗಡಿಯ ನೆಲದಲ್ಲಿ, ಅದನ್ನು ಒರೆಸಬೇಕಾದವರು ಅಂಗಡಿಯವರು. ಬಿದ್ದವರಿಗೆ ನೋವಿನ ಜೊತೆ ನಾಚಿಕೆಯೂ ಯಾಕೆ ಬರಬೇಕು? ಸುತ್ತ ಜನ ನಿಂತು ನೋಡುವಾಗ ಸೀರೆ ಸರಿಮಾಡಿಕೊಂಡು ಎದ್ದು, "ಏನೂ ಆಗಿಲ್ಲ, ಏನೂ ಆಗಿಲ್ಲ" ಎನ್ನುತ್ತಾ ಹೊರಗೆ ಬರುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಪರಿಹಾರ ಕೇಳುವುದು ದುಡ್ಡಿನಾಸೆ ಎಂದು ನಾವೇ ನಂಬಿಕೊಂಡಿದ್ದೇವೆ.

ಆ ಮಾತು ಕೇಳಿದ ಜಾಗ ಎಂಥದ್ದು ನೋಡಿ. 1047ರಲ್ಲಿ, ಬನವಾಸಿ ಪನ್ನಿರ್ಚ್ಛಾಸಿರ ನಾಡನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯ ನಿಲ್ಲಿಸಿದ ಕಂಬ ಅದು. ಸುಮಾರು ಮೂವತ್ತು ಅಡಿ ಎತ್ತರ. ಗಂಡಭೇರುಂಡ ಇಲ್ಲಿ ಮನುಷ್ಯದೇಹದ್ದು, ತಲೆ ಮಾತ್ರ ಹಕ್ಕಿಯದು, ಎರಡು. ಲಾಂಛನವಾಗಿ ನಾವು ದಿನಾ ನೋಡುವ ಗಂಡಭೇರುಂಡಕ್ಕಿಂತ ಈ ರೂಪ ನನಗೆ ಹೆಚ್ಚು ಪ್ರಿಯ. ಅದಕ್ಕಿಂತಲೂ ಪ್ರಿಯವಾದದ್ದು ಅದರ ಹೆಸರಿನ ಗಳೆ. ಇದೇ ಚಾವುಂಡರಾಯ ಮರುವರ್ಷ, 1048ರಲ್ಲಿ, ಬಸದಿಯೊಂದಕ್ಕೆ ಜಿಡ್ಡುಳಿಗೆ ನಾಡಿನಲ್ಲಿ ಗದ್ದೆ ಬಿಟ್ಟಾಗ ಆ ಭೂಮಿಯನ್ನು ಅಳೆದದ್ದು ಭೇರುಂಡ ಗಳೆಯಲ್ಲಿ ಎಂದು ಶಾಸನ ಹೇಳುತ್ತದೆ. ಗಳೆಯೆಂದರೆ ನೆಲ ಅಳೆಯುವ ಕೋಲು. ಒಂದೊಂದು ಸೀಮೆಗೆ ಒಂದೊಂದು ಉದ್ದದ ಗಳೆ ಇದ್ದ ಕಾಲದಲ್ಲಿ ಯಾವ ಗಳೆಯಿಂದ ಅಳೆದದ್ದು ಎಂಬುದನ್ನು ಕಲ್ಲಿನಲ್ಲೇ ಬರೆದಿಟ್ಟರು. ಕೊಟ್ಟವನು ದೊಡ್ಡವನು, ಪಡೆದವನು ಸಣ್ಣವನು ಎಂದು ಅಳತೆ ಬದಲಾಗುವಂತಿರಲಿಲ್ಲ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಪುಟಗಳನ್ನು ತಿರುವಿದರೆ ಮತ್ತರು, ಕಮ್ಮ, ಗಳೆ ಎಂಬ ಲೆಕ್ಕ ಮತ್ತೆ ಮತ್ತೆ ಸಿಗುತ್ತದೆ.

ಪರಿಹಾರದ ಲೆಕ್ಕವೂ ಇಲ್ಲಿನ ಕಲ್ಲುಗಳಿಗೆ ಹೊಸದಲ್ಲ. ಸೊರಬ–ಶಿಕಾರಿಪುರದ ಸೀಮೆ ವೀರಗಲ್ಲುಗಳ ಸೀಮೆ. ತುರು ಬಿಡಿಸಲು ಹೋಗಿ ಸತ್ತವರು, ಊರಳಿವಿನಲ್ಲಿ ಸತ್ತವರು, ಹೆಂಗಸರ ಮಾನ ಉಳಿಸಲು ಕಾದು ಸತ್ತವರು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ ಎಂಬುದನ್ನು ಶಾಲೆಯ ಪ್ರವಾಸದಲ್ಲಿ ಎಲ್ಲರೂ ನೋಡಿರುತ್ತೀರಿ. ಆದರೆ ಎಷ್ಟೋ ಕಲ್ಲುಗಳ ಬರಹದ ಕೊನೆಗೆ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯ ಮಾತು ಬರುತ್ತದೆ. ನೆತ್ತರುಗೊಡಗೆ, ಕಲ್ನಾಡು, ಬಾಳ್ಗಳ್ಚು ಎಂದು ಅದಕ್ಕೆ ಬೇರೆ ಬೇರೆ ಹೆಸರು. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಎಂಬ ಶಾಪವೂ ಸೇರಿರುತ್ತದೆ. ಯುದ್ಧದ ಸಾವೂ ಅಂಗಡಿಯಲ್ಲಿ ಜಾರಿದ ಕಾಲೂ ಒಂದೇ ಎಂದು ನಾನು ಹೇಳುತ್ತಿಲ್ಲ. ನನ್ನ ಆಸಕ್ತಿ ಕೊಡುವ ರೀತಿಯಲ್ಲಿದೆ. ಊರೆದುರು ಕೊಟ್ಟರು, ಬರೆದು ಕೊಟ್ಟರು. ಮುಚ್ಚಿದ ಲಕೋಟೆಯಲ್ಲಿ ಇಟ್ಟು, ಇನ್ನು ಬಾಯಿ ತೆರೆಯಬೇಡ ಎಂದು ಸಹಿ ಹಾಕಿಸಿಕೊಳ್ಳಲಿಲ್ಲ.

ಇನ್ನೊಂದು ಶಾಸನವನ್ನೂ ಹೇಳಲೇಬೇಕು. ಇದೇ ಊರಿನ ಕೋಡಿಯ ಮಠದ ಬಗ್ಗೆ 1162ರ ಶಾಸನ. ಕಾಳಾಮುಖರ ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು ಎಂಬುದನ್ನು ಎಲ್ಲರೂ ಉದ್ಧರಿಸುತ್ತಾರೆ. ಕುರುಡರು, ಕಿವುಡರು, ಹೆಳವರಿಗೆ ಅಲ್ಲಿ ಅನ್ನ ಸಿಗುತ್ತಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿತ್ತು ಎಂದೂ ಅದೇ ಶಾಸನ ಹೇಳುತ್ತದೆ. ಅದು ದಾನ. ಬಸ್ಸಿಗೆ ಕಾಯುತ್ತಿದ್ದ ಈ ಹೆಂಗಸಿಗೆ ಬರಬೇಕಾದದ್ದು ದಾನವಲ್ಲ, ಬಾಕಿ.

ಹಾಗಾದರೆ ಇವರ ಕೈಗೆ ಗಳೆ ಯಾವುದು? ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಮೊಕದ್ದಮೆಯಲ್ಲಿ ಅದನ್ನು ಬಿಡಿಸಿ ಹೇಳಿದೆ. ಅದು ವಾಹನ ಅಪಘಾತದ ಪ್ರಕರಣ, ಆದರೆ ಅಳತೆ ಗಾಯದ್ದು. ಸಾಮಾನ್ಯ ಗಾಯಗಳಲ್ಲಿ ಮೂರು ಬಾಬ್ತು: ಚಿಕಿತ್ಸೆ, ಔಷಧಿ, ಓಡಾಟ, ಪೌಷ್ಟಿಕ ಆಹಾರದ ಖರ್ಚು; ಚಿಕಿತ್ಸೆಯ ಅವಧಿಯಲ್ಲಿ ತಪ್ಪಿದ ದುಡಿಮೆ; ಅನುಭವಿಸಿದ ನೋವು. ಅಂಗ ಶಾಶ್ವತವಾಗಿ ಊನವಾದರೆ ಮಾತ್ರ ಮುಂದಿನ ದುಡಿಮೆಯ ನಷ್ಟ ಮುಂತಾದ ದೊಡ್ಡ ಬಾಬ್ತುಗಳು ಸೇರುತ್ತವೆ. ಎರಡು ಸಾವಿರ ಈ ಯಾವ ಅಳತೆಯಿಂದಲೂ ಬಂದದ್ದಲ್ಲ. ಅಡಿಕೆ ಸುಲಿಯಲು ಎರಡೂ ಕೈ ಬೇಕು. ಪ್ಲಾಸ್ಟರ್ ಇರುವಷ್ಟು ವಾರ ಕೂಲಿ ಇಲ್ಲ, ಸುಗ್ಗಿ ಇವರಿಗಾಗಿ ಕಾಯುವುದೂ ಇಲ್ಲ. ಎಕ್ಸ್‌ರೇ, ಬಸ್ಸು, ಔಷಧಿ ಬೇರೆ.

"ನೋಡ್ಕಂಡು ನಡೀಬೇಕಿತ್ತು" ಎಂಬ ಮಾತಿಗೆ ಉತ್ತರ ಹುಡುಕುತ್ತಾ ನಾನು ಇಂಗ್ಲೆಂಡಿನ ಲಿವರ್‌ಪೂಲ್‌ವರೆಗೆ ಹೋದೆ, ಪುಸ್ತಕದ ದಾರಿಯಲ್ಲಿ. 1974ರ ಜೂನ್‌ನಲ್ಲಿ ಅಲ್ಲಿನ ಟೆಸ್ಕೊ ಅಂಗಡಿಯಲ್ಲಿ ವಾರ್ಡ್ ಎಂಬ ಮಹಿಳೆ ನೆಲದ ಮೇಲೆ ಚೆಲ್ಲಿದ್ದ ಗುಲಾಬಿ ಬಣ್ಣದ ಯೋಗರ್ಟ್ ತುಳಿದು ಬಿದ್ದರು. ನೆಲವನ್ನು ದಿನಕ್ಕೆ ಐದಾರು ಸಲ ಗುಡಿಸುತ್ತೇವೆ, ಏನಾದರೂ ಚೆಲ್ಲಿದರೆ ಒರೆಸುವವರು ಬರುವತನಕ ಅಲ್ಲೇ ನಿಲ್ಲುವಂತೆ ಸಿಬ್ಬಂದಿಗೆ ಹೇಳಿದ್ದೇವೆ ಎಂದು ಅಂಗಡಿ ವಾದಿಸಿತು. ವಾರಕ್ಕೆ ಹತ್ತು ಸಲವಾದರೂ ಹೀಗೆ ಚೆಲ್ಲುತ್ತದೆ ಎಂಬುದೂ ಸಾಕ್ಷ್ಯದಲ್ಲಿ ಬಂತು. ನನಗೆ ಬಹಳ ಹಿಡಿಸಿದ್ದು ಆ ತಾಯಿ ಮಾಡಿದ ಕೆಲಸ. ಬಿದ್ದ ಮೂರು ವಾರಕ್ಕೆ ಅದೇ ಅಂಗಡಿಗೆ ಹೋದಾಗ ಕಿತ್ತಳೆ ಶರಬತ್ತು ಚೆಲ್ಲಿರುವುದು ಕಾಣಿಸಿತು. ಅವರು ನಿಂತು ನೋಡಿದರು. ಕಾಲು ಗಂಟೆಯಾದರೂ ಒರೆಸಲು ಯಾರೂ ಬರಲಿಲ್ಲ. ಅದನ್ನೂ ಕೋರ್ಟಿಗೆ ಹೇಳಿದರು. ವಕೀಲರ ಪಾಂಡಿತ್ಯವಿಲ್ಲದ, ಮನೆ ನಡೆಸುವ ಹೆಂಗಸಿನ ಕಣ್ಣಿನ ಸಾಕ್ಷ್ಯ ಅದು. ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಅವರ ಪರ ನಿಂತಿತು. ಅಂಗಡಿ ಎಚ್ಚರದಿಂದಿದ್ದರೆ ನೆಲದಲ್ಲಿ ಯೋಗರ್ಟ್ ಇರುವುದಿಲ್ಲ. ಇದ್ದುದರಿಂದ, ತನ್ನ ತಪ್ಪಿಲ್ಲವೆಂದು ವಿವರಿಸುವ ಹೊಣೆ ಅಂಗಡಿಯದೇ. ಒಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ. ಬೀಳುವುದಕ್ಕೆ ಕ್ಷಣದ ಮೊದಲಷ್ಟೇ ಬೇರೊಬ್ಬ ಗ್ರಾಹಕ ಚೆಲ್ಲಿರಬಹುದಲ್ಲ ಎಂಬುದು ಅವರ ಅನುಮಾನ. ಆ ಅನುಮಾನಕ್ಕೂ ತೂಕವಿದೆ, ಆದರೆ ಬಹುಮತವೇ ಸರಿ ಎಂದು ನನಗನಿಸುತ್ತದೆ. ಸಿಕ್ಕ ಪರಿಹಾರ 137 ಪೌಂಡ್ 50 ಪೆನ್ಸ್. ಅಷ್ಟು ಸಣ್ಣ ಮೊತ್ತದ ಆ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಘಟನೆಯೇ ತಪ್ಪನ್ನು ಹೇಳುತ್ತದೆ ಎಂಬ ಈ ತತ್ವ ನಮಗೆ ಹೊರಗಿನದಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತ ಪ್ರಕರಣದಲ್ಲಿ, 1966ರಲ್ಲಿ, ನಮ್ಮ ಸುಪ್ರೀಂ ಕೋರ್ಟೇ ಇದನ್ನು ಅನ್ವಯಿಸಿ ನಗರಪಾಲಿಕೆಯನ್ನು ಹೊಣೆ ಮಾಡಿತು.

ಬಸ್ಸು ಬರುವಷ್ಟರಲ್ಲಿ ಇಷ್ಟೆಲ್ಲ ಹೇಳಲಾಗಲಿಲ್ಲ. ಆಮೇಲೆ ಅವರ ಮಗನ ಜೊತೆ ಫೋನಿನಲ್ಲಿ ಮಾತಾಡಿದೆ. ಹುಡುಗನ ಮೊದಲ ಪ್ರಶ್ನೆಯೇ ಚುರುಕಾಗಿತ್ತು: "ಅಮ್ಮ ಬಿದ್ದಾಗ ಇನ್ನೂ ಬಿಲ್ ಆಗಿರ್ಲಿಲ್ಲ. ನಾವು ಗ್ರಾಹಕರು ಅನ್ನಿಸ್ಕೋತೀವಾ?" ಹಣ ಕೊಟ್ಟವರಷ್ಟೇ ಅಲ್ಲ, ಕೊಡುತ್ತೇನೆಂದು ಒಪ್ಪಿಕೊಂಡವರೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು. ಬುಟ್ಟಿ ತುಂಬಿಕೊಂಡು ಕೌಂಟರಿನತ್ತ ಹೊರಟವರು ಅದರೊಳಗೆ ಬರಲೇಬೇಕು ಎಂಬುದು ನನ್ನ ನಿಲುವು. ಅಂಗಡಿಯ ವಕೀಲರು ಇದನ್ನು ಖಂಡಿತ ಎಳೆದಾಡುತ್ತಾರೆ. ಹಾಗೇನಾದರೂ ಆದರೆ ನಿರ್ಲಕ್ಷ್ಯದ ಮೇಲೆ ಸಿವಿಲ್ ದಾವೆಯ ದಾರಿ ಇದ್ದೇ ಇದೆ. ಅಲ್ಲಿ ಬಿಲ್ಲಿನ ಪ್ರಶ್ನೆ ಏಳುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಳ್ಳಿಯವರಿಗೆ ಒದಗಿದ ದೊಡ್ಡ ಅನುಕೂಲವೆಂದರೆ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಎಲ್ಲೇ ಇರಲಿ, ಬಳ್ಳಿಗಾವಿಯವರಿಗೆ ಶಿವಮೊಗ್ಗದ ಜಿಲ್ಲಾ ಆಯೋಗ ಸಾಕು. ಕೊಂಡದ್ದರ ಮೌಲ್ಯ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಗಡುವು ಎರಡು ವರ್ಷ. ಕೇಳಿ ತಿಳಿಯಲು 1915 ಎಂಬ ಸಹಾಯವಾಣಿ ಇದೆ. ಇಷ್ಟೂ ಬೇಡ, ಕೂತು ಮಾತಾಡಿ ಮುಗಿಸೋಣ ಎನ್ನುವವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. 1987ರ ಕಾಯ್ದೆಯಂತೆ ಹೆಂಗಸರಿಗೆ ಅಲ್ಲಿ ಉಚಿತ ಕಾನೂನು ನೆರವು, ಆದಾಯ ಎಷ್ಟೇ ಇರಲಿ. ಕೋರ್ಟಿಗೆ ಹೋಗುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತ್ತಿಗೆ ಒಯ್ಯಬಹುದು. ಅಲ್ಲಿ ಒಪ್ಪಿಕೊಂಡದ್ದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಆದ್ದರಿಂದ ಒಪ್ಪುವ ಮೊದಲು ಅಳೆದು ನೋಡಬೇಕು.

ಸಹಿಯ ಬಗ್ಗೆ ಹೇಳುವಾಗ ಮಾತ್ರ ನನ್ನ ದನಿ ಏರಿತು. ವಿಮೆಯ ಒಂದು ಪ್ರಕರಣದಲ್ಲಿ, 1999ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ: ಪೂರ್ತಿ ತೀರಿತು ಎಂಬ ರಸೀದಿಗೆ ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಮೋಸದಿಂದಲೋ ಒತ್ತಡದಿಂದಲೋ ಹಾಕಿಸಿದ್ದಾದರೆ. ಆದರೆ ಆ ಒತ್ತಡವನ್ನು ಸಾಬೀತು ಮಾಡುವ ಭಾರ ಸಹಿ ಹಾಕಿದವರ ಮೇಲೆ. ಕೂಲಿಯವರು ಆ ಭಾರ ಯಾಕೆ ಹೊರಬೇಕು? ಸಹಿ ಹಾಕದಿರುವುದೇ ಸುಲಭ.

ಮಗ ಕನ್ನಡದಲ್ಲೇ ಒಂದು ಕಾಗದ ಬರೆದ. ಬಿದ್ದ ದಿನ, ಹೊತ್ತು, ಯಾವ ಸಾಲಿನ ಪಕ್ಕ, ಎತ್ತಿ ಕೂರಿಸಿದವರು ಯಾರು. ಆ ಹೊತ್ತಿನ ಸಿಸಿಟಿವಿ ದೃಶ್ಯ ಅಳಿಸದೆ ಉಳಿಸಿಕೊಳ್ಳಿ ಎಂಬ ಬೇಡಿಕೆ. ಇದನ್ನು ಬೇಗ ಕೇಳದಿದ್ದರೆ ಹಳೆಯದರ ಮೇಲೆ ಹೊಸದು ದಾಖಲಾಗಿ ಹೋಗುತ್ತದೆ. ಆಮೇಲೆ ಮೂರು ಬಾಬ್ತಿನ ಲೆಕ್ಕ. ಕೂಲಿಗೆ ರಸೀದಿ ಇರುವುದಿಲ್ಲವಾದ್ದರಿಂದ ಅಡಿಕೆ ಮನೆಯ ಯಜಮಾನರಿಂದ ಎರಡು ಸಾಲು ಬರೆಸಿಕೊಂಡು ಲಗತ್ತಿಸಿದ. ನೋವಿಗೆ ಎಷ್ಟು ಹಾಕುವುದು ಎಂದು ಕೇಳಿದಾಗ ಅಮ್ಮ ಬಹಳ ಸಣ್ಣ ಮೊತ್ತ ಹೇಳಿದರು. ಅವರು ಹೇಳಿದಷ್ಟನ್ನೇ ಹಾಕಿದ್ದಾನೆ. ಒಟ್ಟು, ಅಂಗಡಿ ಕೊಡುತ್ತೇನೆಂದದ್ದರ ಹಲವು ಪಟ್ಟಾಯಿತು, ದುರಾಸೆ ಎನ್ನಬಹುದಾದ ಒಂದು ರೂಪಾಯಿಯೂ ಅದರಲ್ಲಿಲ್ಲ. ರಿಜಿಸ್ಟರ್ ಅಂಚೆಯಲ್ಲಿ ಹೋದ ಆ ಕಾಗದಕ್ಕೆ ಅಂಗಡಿಯವರಿಂದ ಉತ್ತರ ಬಂದಿದೆ: ಆಸ್ಪತ್ರೆಯ ಬಿಲ್ಲುಗಳನ್ನು ಕಳಿಸಿ, ಪರಿಶೀಲಿಸುತ್ತೇವೆ. ನಕಲು ಕಳಿಸು, ಮೂಲ ಪ್ರತಿ ಮನೆಯಲ್ಲೇ ಇರಲಿ ಎಂದು ಹುಡುಗನಿಗೆ ಹೇಳಿದ್ದೇನೆ.