ನಡುವೆ ನಿಂತವನು ಯಾರು? ಮೊಬೈಲ್ ಫೋನಿನಲ್ಲಿ ಪ್ರಾಕ್ಸಿ ಸಂಪರ್ಕ: ಅಳವಡಿಕೆ ಮತ್ತು ಪರೀಕ್ಷೆ

ಮಕ್ಕಳನ್ನು ವಿದ್ಯಾಭ್ಯಾಸಕ್ಕೆಂದು ಪರಸ್ಥಳಕ್ಕೆ ಕಳುಹಿಸಿದ ಮನೆಗಳಲ್ಲಿ ಇಂದು ಊಟ ವಸತಿಗಳ ಚಿಂತೆಯ ಜೊತೆಗೆ ಇನ್ನೊಂದು ಚಿಂತೆಯೂ ಸೇರಿಕೊಂಡಿದೆ. ಪ್ರವೇಶ ಶುಲ್ಕ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ವ್ಯವಹಾರ ಎಲ್ಲವೂ ಅಂಗೈಯಗಲದ ಮೊಬೈಲ್ ಫೋನಿನಲ್ಲಿಯೇ ನಡೆಯುತ್ತಿವೆ. ಆದ್ದರಿಂದ ಆ ಫೋನು ಯಾವ ದಾರಿಯಿಂದ ಹೊರಜಗತ್ತನ್ನು ಸೇರುತ್ತದೆ ಎಂಬುದನ್ನು ಪಾಲಕರೂ ಅಷ್ಟಿಷ್ಟು ತಿಳಿದಿರುವುದು ಅವಶ್ಯವಾಗಿದೆ.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಅಣ್ಣನ ಮಗ ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಓದುತ್ತ ವಸತಿನಿಲಯದಲ್ಲಿದ್ದನು. ದೀಪಾವಳಿಗೆ ಊರಿಗೆ ಬಂದಾಗ, "ಕಾಕಾ, ಹಾಸ್ಟೆಲ್ ವೈಫೈನ್ಯಾಗ ಆಟದ ಸೈಟ್ ತೆರೀತಿದ್ದಿಲ್ರಿ. ಯಾರೋ ಪುಕ್ಕಟೆ ಪ್ರಾಕ್ಸಿ ನಂಬರ್ ಕೊಟ್ರು. ಅದರ ಜೋಡಿ ಒಂದು ಸರ್ಟಿಫಿಕೇಟೂ ಹಾಕ್ಕೋ ಅಂದ್ರು, ಹಾಕ್ಕೊಂಡೆ. ಈಗ ಎಲ್ಲಾ ತೆರೀತಾವ" ಎಂದು ಹೆಮ್ಮೆಯಿಂದ ಹೇಳಿದನು. ವಿದ್ಯಾರ್ಥಿವೇತನದ ಅರ್ಜಿಯನ್ನು ಎಲ್ಲಿ ತುಂಬಿದೆ ಎಂದು ಕೇಳಿದೆ. ಅದೇ ವೈಫೈನಲ್ಲಿ, ಅದೇ ದಾರಿಯಲ್ಲಿ ತುಂಬಿದ್ದನು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಎಲ್ಲವೂ ಅದರಲ್ಲಿದ್ದವು. ಅಂದು ರಾತ್ರಿ ನನಗೂ ಅಣ್ಣನಿಗೂ ನಿದ್ರೆ ಹತ್ತಲಿಲ್ಲ.

ಪ್ರಾಕ್ಸಿ ಎಂದರೇನು?

ಪ್ರಾಕ್ಸಿ ಎಂದರೆ ನಮ್ಮ ಪರವಾಗಿ ಕೆಲಸ ಮಾಡುವ ಮಧ್ಯವರ್ತಿ ಗಣಕಯಂತ್ರ. ಸಂತೆಗೆ ತಾವೇ ಹೋಗದೆ ನೆರೆಮನೆಯವರ ಕೈಯಲ್ಲಿ ಚೀಟಿ ಕೊಟ್ಟು ಸಾಮಾನು ತರಿಸಿದಂತೆ ಇದರ ರೀತಿ. ನಮ್ಮ ಫೋನು ಬೇಕಾದುದನ್ನು ಪ್ರಾಕ್ಸಿಗೆ ತಿಳಿಸುತ್ತದೆ. ಪ್ರಾಕ್ಸಿಯು ಅದನ್ನು ಅಂತರ್ಜಾಲದಿಂದ ತಂದು ಕೊಡುತ್ತದೆ. ಅಂಗಡಿಯವನಿಗೆ ಕಾಣುವುದು ನೆರೆಮನೆಯವರ ಮುಖವೇ ಹೊರತು ನಮ್ಮದಲ್ಲ.

ಈ ಏರ್ಪಾಡು ಹೊಸದೇನೂ ಅಲ್ಲ. ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1994ರ ವೇಳೆಗೇ ಇದರ ಬಳಕೆಯಿತ್ತು. ಒಮ್ಮೆ ತಂದ ಪುಟವನ್ನು ಕಾದಿಟ್ಟು ಹಲವರಿಗೆ ಹಂಚುವುದು, ಒಳಗಿನ ಜಾಲವನ್ನು ಕಾಪಾಡುವುದು, ಬೇಡದ ತಾಣಗಳನ್ನು ತಡೆಯುವುದು ಇದರ ಉಪಯೋಗಗಳು. ಕಾಲೇಜು, ಕಚೇರಿ, ವಸತಿನಿಲಯಗಳಲ್ಲಿ ಇಂದಿಗೂ ಪ್ರಾಕ್ಸಿ ಇರುವುದು ಈ ಕಾರಣಗಳಿಂದಲೇ.

ಅಳವಡಿಸುವ ಕ್ರಮ

ಮೊದಲು ಸಂಸ್ಥೆಯ ಗಣಕ ವಿಭಾಗದಿಂದ ಎರಡು ವಿವರಗಳನ್ನು ಬರೆದುಕೊಳ್ಳಬೇಕು. ಒಂದು ಪ್ರಾಕ್ಸಿಯ ವಿಳಾಸ, ಇನ್ನೊಂದು ಪೋರ್ಟ್ ಸಂಖ್ಯೆ. ಪೋರ್ಟ್ ಸಾಮಾನ್ಯವಾಗಿ 8080 ಅಥವಾ 3128 ಆಗಿರುತ್ತದೆ. ಕೆಲವೆಡೆ ಬಳಕೆದಾರರ ಹೆಸರು ಮತ್ತು ಗುಪ್ತಪದವೂ ಬೇಕಾಗುತ್ತವೆ.

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ವೈಫೈಗೆ ಹೋಗಿ, ಸಂಪರ್ಕದಲ್ಲಿರುವ ಜಾಲದ ಹೆಸರಿನ ಪಕ್ಕದ ಗುರುತನ್ನು ಒತ್ತಬೇಕು. ಅಲ್ಲಿ ಬದಲಾವಣೆ ಮಾಡುವ ಪೆನ್ಸಿಲ್ ಗುರುತಾಗಲಿ, ಅಡ್ವಾನ್ಸ್ಡ್ ಎಂಬ ಭಾಗವಾಗಲಿ ಇರುತ್ತದೆ; ಕಂಪನಿಯಿಂದ ಕಂಪನಿಗೆ ಹೆಸರು ತುಸು ಬೇರೆಯಾಗಬಹುದು. ಅದರೊಳಗೆ ಪ್ರಾಕ್ಸಿ ಎಂಬಲ್ಲಿ 'ಮ್ಯಾನ್ಯುಯಲ್' ಆರಿಸಿ, ವಿಳಾಸ ಹಾಗೂ ಪೋರ್ಟ್ ತುಂಬಿ, ಉಳಿಸಬೇಕು. ಐಫೋನಿನಲ್ಲಿ ವೈಫೈ ಹೆಸರಿನ ಪಕ್ಕದ 'ಐ' ಅಕ್ಷರವನ್ನು ಒತ್ತಿ, ಕೆಳತುದಿಯಲ್ಲಿರುವ 'ಕಾನ್ಫಿಗರ್ ಪ್ರಾಕ್ಸಿ'ಗೆ ಹೋಗಿ ಇದೇ ವಿವರಗಳನ್ನು ತುಂಬಬೇಕು.

ಎರಡು ಮಾತುಗಳನ್ನು ನೆನಪಿಡಬೇಕು. ಈ ಏರ್ಪಾಡು ಆ ಒಂದು ವೈಫೈ ಜಾಲಕ್ಕೆ ಮಾತ್ರ ಅನ್ವಯಿಸುತ್ತದೆ. ಮನೆಯ ವೈಫೈಗಾಗಲಿ ಸಿಮ್ ಕಾರ್ಡಿನ ಡೇಟಾಕ್ಕಾಗಲಿ ಅಲ್ಲ. ಆಂಡ್ರಾಯ್ಡ್‌ನಲ್ಲಿ ಬ್ರೌಸರ್ ಇದನ್ನು ಪಾಲಿಸಿದರೂ ಇತರ ಆ್ಯಪ್‌ಗಳು ಪಾಲಿಸದೆ ಇರಬಹುದು.

ಪರೀಕ್ಷಿಸುವ ಬಗೆ

ಪರೀಕ್ಷೆಯ ಮುನ್ನ ಸಿಮ್‌ನ ಡೇಟಾವನ್ನು ಆರಿಸಿರಬೇಕು. ಇಲ್ಲವಾದರೆ ವೈಫೈ ಸೋತಾಗ ಫೋನು ಸದ್ದಿಲ್ಲದೆ ಸಿಮ್‌ನ ದಾರಿ ಹಿಡಿದು ನಮ್ಮನ್ನು ದಾರಿ ತಪ್ಪಿಸೀತು. ಅನಂತರ ಬ್ರೌಸರಿನಲ್ಲಿ ಹೊಸ ಪುಟವೊಂದನ್ನು ತೆರೆದು ನೋಡಬೇಕು. ಪ್ರಾಕ್ಸಿ ಸಂಪರ್ಕ ವಿಫಲವೆಂಬ ಸೂಚನೆ ಬಂದರೆ ವಿಳಾಸ ಅಥವಾ ಪೋರ್ಟ್ ಬರೆಯುವಲ್ಲಿ ತಪ್ಪಾಗಿದೆಯೇ ಎಂದು ಮೊದಲು ನೋಡಬೇಕು. 407 ಎಂಬ ಸಂಖ್ಯೆ ಬಂದರೆ ಪ್ರಾಕ್ಸಿಯು ಹೆಸರು, ಗುಪ್ತಪದ ಕೇಳುತ್ತಿದೆ ಎಂದು ಅರ್ಥ. ಪುಟ ತೆರೆದರೆ, 'ನನ್ನ ಐಪಿ ವಿಳಾಸ ಯಾವುದು' ಎಂದು ಹುಡುಕಿ ಬಂದ ಸಂಖ್ಯೆಯನ್ನು ಬರೆದುಕೊಳ್ಳಿ. ಪ್ರಾಕ್ಸಿ ತೆಗೆದ ಮೇಲೂ ಸಂಪರ್ಕ ದೊರೆಯುವ ಕಡೆ ಇನ್ನೊಮ್ಮೆ ನೋಡಿ. ಸಂಖ್ಯೆ ಬದಲಾದರೆ ದಾರಿಯೂ ಬದಲಾಗಿದೆ ಎಂದು ತಿಳಿಯಬಹುದು.

ಅಪಾಯವೆಲ್ಲಿ?

ಇಂದಿನ ಬಹುತೇಕ ತಾಣಗಳ ವಿಳಾಸ 'ಎಚ್‌ಟಿಟಿಪಿಎಸ್' ಎಂದು ಆರಂಭವಾಗುತ್ತದೆ. ಇದು ಅರಗಿನ ಮುದ್ರೆಯೊತ್ತಿದ ಲಕೋಟೆಯಿದ್ದಂತೆ. ಪ್ರಾಕ್ಸಿಗೆ ಲಕೋಟೆಯ ಮೇಲಿನ ವಿಳಾಸ ಕಾಣುತ್ತದೆ, ಒಳಗಿನ ಪತ್ರ ಕಾಣುವುದಿಲ್ಲ. ಆದರೆ ಅಪರಿಚಿತನು ಕೊಟ್ಟ ಸರ್ಟಿಫಿಕೇಟನ್ನು ಫೋನಿನಲ್ಲಿ ಅಳವಡಿಸಿ ನಂಬಿಕೆಯ ಒಪ್ಪಿಗೆ ಕೊಟ್ಟರೆ, ಮುದ್ರೆ ಒಡೆದು ಓದಿ ಮತ್ತೆ ಮುದ್ರೆಯೊತ್ತುವ ಅಧಿಕಾರವನ್ನು ನಾವೇ ಕೊಟ್ಟಂತೆ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಈಚೆಗೆ ಬಹುಪಾಲು ಆ್ಯಪ್‌ಗಳು ಇಂತಹ ಸರ್ಟಿಫಿಕೇಟುಗಳನ್ನು ನಂಬುವುದಿಲ್ಲ. ಆದರೆ ಕ್ರೋಮ್ ಬ್ರೌಸರ್ ನಂಬುತ್ತದೆ. ನಮ್ಮ ಹುಡುಗ ಅರ್ಜಿ ತುಂಬಿದ್ದು ಬ್ರೌಸರಿನಲ್ಲಿಯೇ.

ಮರುದಿನ ಬೆಳಿಗ್ಗೆ ನಾವು ಮಾಡಿದ್ದು ಇಷ್ಟು. ಫೋನಿನ ಭದ್ರತೆಯ ಭಾಗದಲ್ಲಿ ಬಳಕೆದಾರರು ಸೇರಿಸಿದ ಸರ್ಟಿಫಿಕೇಟುಗಳ ಪಟ್ಟಿ ತೆರೆದು ಅದನ್ನು ತೆಗೆದೆವು. ವಸತಿನಿಲಯದ ವೈಫೈ ಹೆಸರನ್ನೇ ಅಳಿಸಿದೆವು; ಅದರೊಂದಿಗೆ ಪ್ರಾಕ್ಸಿಯೂ ಹೋಯಿತು. ಆಮೇಲೆ ಸಿಮ್‌ನ ಡೇಟಾದ ಮೂಲಕ ಇ-ಮೇಲ್, ವಿದ್ಯಾರ್ಥಿವೇತನ ಮತ್ತು ಬ್ಯಾಂಕಿನ ಗುಪ್ತಪದಗಳನ್ನು ಬದಲಿಸಿ, ಬ್ಯಾಂಕಿಗೂ ವಿಷಯ ತಿಳಿಸಿದೆವು. ಈ ಕ್ರಮ ಹಿಂದುಮುಂದಾಗಬಾರದು. ಸರ್ಟಿಫಿಕೇಟು, ಪ್ರಾಕ್ಸಿ ಇರುವಾಗಲೇ ಗುಪ್ತಪದ ಬದಲಿಸಿದರೆ ಹೊಸದೂ ಅವರ ಕೈ ಸೇರುತ್ತದೆ. ಪುಣ್ಯಕ್ಕೆ ಹಣವೇನೂ ಹೋಗಿರಲಿಲ್ಲ. ಹೋದಲ್ಲಿ ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು.

ರಜೆ ಮುಗಿಸಿ ಹೊರಟಾಗ ಹುಡುಗನು, "ಕಾಕಾ, ಹಾಸ್ಟೆಲ್ ಆಫೀಸಿನ್ಯಾಗ ಕೇಳೇ ಪ್ರಾಕ್ಸಿ ಹಾಕ್ಕೋತೀನ್ರಿ" ಎಂದನು. ನಾವು ಅವನನ್ನು ಬೈಯಲಿಲ್ಲ. ಬೈದಿದ್ದರೆ ಮುಂದಿನ ಸಲ ಹೇಳುತ್ತಲೇ ಇರಲಿಲ್ಲ. ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳು ರಜೆಗೆ ಬಂದಾಗ ಒಂದು ಹೊತ್ತು ಅವರೊಡನೆ ಕುಳಿತು ಫೋನಿನ ಈ ಎರಡು ಜಾಗಗಳನ್ನು ನೋಡಿರಿ: ವೈಫೈನ ಪ್ರಾಕ್ಸಿ, ಮತ್ತು ಸರ್ಟಿಫಿಕೇಟುಗಳ ಪಟ್ಟಿ. ಅಲ್ಲಿ ಅಪರಿಚಿತ ಹೆಸರೇನಾದರೂ ಇದ್ದರೆ ಅದು ಯಾರದೆಂದು ಕೇಳಿರಿ. ಉತ್ತರ ದೊರೆಯದಿದ್ದರೆ ಅಂದೇ ತೆಗೆಸಿರಿ.