ಕ್ರಾಂಜಿ ಗುಡ್ಡದ ಮೇಲೆ ‘ಮೈಸೂರು’ ಹುಡುಕಿದ್ದು

ಸಿಂಗಾಪುರಕ್ಕೆ ಹೋಗಿ ಬಂದವರನ್ನು ಏನು ನೋಡಿದ್ರಿ ಅಂತ ಕೇಳಿದರೆ ಯೂನಿವರ್ಸಲ್ ಸ್ಟುಡಿಯೋಸ್, ಮರೀನಾ ಬೇ, ಮುಸ್ತಫಾ ಸೆಂಟರ್ ಅಂತ ಪಟ್ಟಿ ಕೊಡ್ತಾರೆ. ನಮ್ಮ ಪಟ್ಟಿಯೂ ಹಾಗೇ ಇತ್ತು. ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಅಂಜನಾಪುರದಿಂದ ಮನೆಯವರೆಲ್ಲ ಸೇರಿ ಅಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಕೊನೆಯ ದಿನ ಚಿಕ್ಕಪ್ಪ, “ಇವತ್ತು ಶಾಪಿಂಗ್ ಬೇಡ, ಒಂದು ಕಡೆ ಕರ್ಕೊಂಡು ಹೋಗ್ತೀನಿ” ಅಂದರು. ಅದು ಕ್ರಾಂಜಿ ಯುದ್ಧ ಸ್ಮಾರಕ. ಅಂಥ ಜಾಗವನ್ನು ಹೇಗೆ ನೋಡಬೇಕು ಅಂತ ನಮಗೆ ಗೊತ್ತಿರಲಿಲ್ಲ. ಅರ್ಧ ನೋಡಿ ವಾಪಸ್ ಹೊರಟೇಬಿಟ್ಟಿದ್ದೆವು. ನಿಮಗೆ ಹಾಗಾಗಬಾರದು ಅಂತ ಈ ಲೇಖನ.

ಕ್ರಾಂಜಿ ಇರುವುದು ಸಿಂಗಾಪುರದ ಉತ್ತರ ತುದಿಯಲ್ಲಿ. ಅದೇ ಹೆಸರಿನ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಸಾಕು. ಟಿಕೆಟ್ ಇಲ್ಲ. ಒಳಗೆ ಹೋದ ತಕ್ಷಣ ಹಸಿರು ಹುಲ್ಲಿನ ಇಳಿಜಾರು, ಅದರ ಮೇಲೆ ಸಾಲು ಸಾಲಾಗಿ ಒಂದೇ ಅಳತೆಯ ಬಿಳಿ ಕಲ್ಲುಗಳು. ಎರಡನೇ ಮಹಾಯುದ್ಧದಲ್ಲಿ ಸತ್ತ 4,400ಕ್ಕೂ ಹೆಚ್ಚು ಜನರ ಸಮಾಧಿಗಳು ಇಲ್ಲಿವೆ. ಅದರಲ್ಲಿ 850ಕ್ಕೂ ಹೆಚ್ಚು ಜನ ಯಾರು ಅಂತಲೇ ಗೊತ್ತಾಗಿಲ್ಲ.

ಒಂದೊಂದು ಕಲ್ಲೂ ಒಂದು ಡೇಟಾ ಶೀಟ್ ಇದ್ದ ಹಾಗೆ. ಮೇಲೆ ರೆಜಿಮೆಂಟಿನ ಲಾಂಛನ, ಆಮೇಲೆ ನಂಬರ್, ಹುದ್ದೆ, ಹೆಸರು, ಸತ್ತ ದಿನ, ವಯಸ್ಸು. ಕೆಲವು ಕಡೆ ಕೆಳಗೆ ಮನೆಯವರು ಬರೆಸಿದ ಒಂದು ಸಾಲು. ವಯಸ್ಸು ಓದ್ತಾ ಹೋದರೆ 19, 20, 21 ಅಂತ ಬರುತ್ತೆ. ನಮ್ಮ ಕ್ಲಾಸಿನವರದೇ ವಯಸ್ಸು. ಅಲ್ಲಿಯವರೆಗೆ ಫೋಟೋ ತೆಗೀತಾ ಇದ್ದ ನಾವು ಫೋನ್ ಜೇಬಿಗೆ ಹಾಕಿದೆವು.

ಕರ್ನಲ್ ಆದರೂ ಸಿಪಾಯಿ ಆದರೂ ಕಲ್ಲಿನ ಅಳತೆ ಒಂದೇ. ಇದು 1917ರಲ್ಲಿ ಶುರುವಾದ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್‌ನ ನಿಯಮ. ಈಗ ಅದರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಸತ್ತ ಪ್ರತಿಯೊಬ್ಬರಿಗೂ ಒಂದು ಹೆಸರು, ಅದು ಶಾಶ್ವತವಾಗಿ ಉಳಿಯಬೇಕು, ಹುದ್ದೆ, ಜನಾಂಗ, ಧರ್ಮ ಅಂತ ಭೇದ ಇರಬಾರದು.

ಕಲ್ಲುಗಳ ನಡುವೆ ಓಡಾಡಿ ಹೊರಡೋ ಹೊತ್ತಿಗೆ ಅಮ್ಮ ಕೇಳಿದರು: “ನಮ್ಮವರೂ ತುಂಬಾ ಜನ ಸತ್ತಿದಾರೆ ಅಂತೀರಲ್ಲ, ಅವರ ಕಲ್ಲು ಎಲ್ಲಿ?” ನಮ್ಮ ಹತ್ತಿರ ಉತ್ತರ ಇರಲಿಲ್ಲ. ಚಿಕ್ಕಪ್ಪ ಗುಡ್ಡದ ಮೇಲಕ್ಕೆ ಕೈ ತೋರಿಸಿದರು.

ಉತ್ತರ ತುಂಬಾ ಸರಳ. ಹಿಂದೂ, ಸಿಖ್ ಸೈನಿಕರನ್ನು ಅವರ ಪದ್ಧತಿಯಂತೆ ದಹನ ಮಾಡಿದರು. ಸಮಾಧಿ ಇಲ್ಲದಿದ್ದರೆ ಕಲ್ಲೂ ಇಲ್ಲ. ಹಾಗೆ ದಹನವಾದ ಸುಮಾರು 800 ಜನರ ಹೆಸರುಗಳು ಮೇಲಿನ ದೊಡ್ಡ ಸ್ಮಾರಕದ ಹಿಂದಿರುವ ದಹನ ಸ್ಮಾರಕದಲ್ಲಿವೆ. ಅವರಲ್ಲಿ ಹೆಚ್ಚಿನವರು ಭಾರತೀಯ ಸೇನೆಯವರು. ಶವವೇ ಸಿಗದವರ, ಸಮಾಧಿ ಎಲ್ಲಿದೆ ಅಂತ ತಿಳಿಯದವರ ಹೆಸರುಗಳು ದೊಡ್ಡ ಸ್ಮಾರಕದ ಗೋಡೆಗಳ ಮೇಲಿವೆ. 1957ರಲ್ಲಿ ಅನಾವರಣವಾದ ಆ ಸ್ಮಾರಕದಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ. ಕೆಳಗಿನ ಕಲ್ಲುಗಳನ್ನಷ್ಟೇ ನೋಡಿ ಬಂದರೆ ಭಾರತದಿಂದ ಬಂದವರಲ್ಲಿ ಬಹಳಷ್ಟು ಜನರನ್ನು ನೋಡದೇ ಬಂದ ಹಾಗೆ.

ಅಲ್ಲಿ ಹೆಸರುಗಳನ್ನು ರೆಜಿಮೆಂಟಿನ ಪ್ರಕಾರ ಜೋಡಿಸಿದ್ದಾರೆ. ನಾವು ‘ಮೈಸೂರು’ ಅನ್ನೋ ಒಂದೇ ಪದ ಹುಡುಕಿದೆವು. ಯಾಕೆಂದರೆ ಮೈಸೂರು ಸಂಸ್ಥಾನದ ಸೇನೆಯ ಫಸ್ಟ್ ಮೈಸೂರು ಇನ್‌ಫೆಂಟ್ರಿ ಪಡೆ ಆಗ ಸಿಂಗಾಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿಗೆ ಶರಣಾಯಿತು. 40,000ಕ್ಕೂ ಹೆಚ್ಚು ಭಾರತೀಯ ಸೈನಿಕರು ಸೆರೆಯಾದರು. ಅವರಲ್ಲಿ ಎಷ್ಟೋ ಜನರನ್ನು ಕೂಲಿ ಕೆಲಸಕ್ಕೆ ನ್ಯೂಗಿನಿವರೆಗೂ ಸಾಗಿಸಿದರು. ಬಹಳ ಹೊತ್ತು ಕತ್ತೆತ್ತಿ ಓದಿದ ಮೇಲೆ ಮೈಸೂರಿನ ಹೆಸರುಗಳು ಸಿಕ್ಕವು. ಅಮ್ಮ ಅವನ್ನು ಒಂದೊಂದಾಗಿ ಜೋರಾಗಿ ಓದಿದರು. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ವಿಚಿತ್ರವಾಗಿ ಕಾಣುತ್ತಿದ್ದ ಹೆಸರುಗಳು ಅಮ್ಮನ ಬಾಯಲ್ಲಿ ನಮ್ಮೂರಿನ ಹೆಸರುಗಳಾದವು.

ಇಲ್ಲಿ ನಿಮಗೊಂದು ಪ್ರಶ್ನೆ ಬರಬಹುದು, ನಮಗೂ ಬಂತು. ಬ್ರಿಟಿಷರ ಯುದ್ಧದಲ್ಲಿ ಸತ್ತವರನ್ನು ನಾವ್ಯಾಕೆ ನೆನಪಿಟ್ಟುಕೊಳ್ಳಬೇಕು? ಅದೇ ಸಿಂಗಾಪುರದಲ್ಲಿ ಸೆರೆಯಾದ ಸಾವಿರಾರು ಜನ ಆಜಾದ್ ಹಿಂದ್ ಫೌಜ್ ಸೇರಿದರು. 1945ರಲ್ಲಿ ನೇತಾಜಿ ಎಸ್ಪ್ಲನೇಡ್‌ನಲ್ಲಿ ಅವರಿಗೊಂದು ಸ್ಮಾರಕದ ಅಡಿಗಲ್ಲು ಇಟ್ಟರು. ಅದೇ ವರ್ಷ ವಾಪಸ್ ಬಂದ ಬ್ರಿಟಿಷರು ಅದನ್ನು ಒಡೆದುಹಾಕಿದರು. ಈಗ ಆ ಜಾಗದಲ್ಲಿರುವುದು 1995ರಲ್ಲಿ ಇಟ್ಟ ಒಂದು ಫಲಕ. ಒಂದೇ ಸೇನೆಯಿಂದ ಬಂದವರು. ಕೆಲವರ ಹೆಸರನ್ನು ಕಲ್ಲಲ್ಲಿ ಕೆತ್ತಿದರು, ಕೆಲವರ ಕಲ್ಲನ್ನೇ ಒಡೆದರು. ಯಾರನ್ನು ನೆನಪಿಡಬೇಕು ಅನ್ನೋದನ್ನ ಬೇರೆಯವರು ತೀರ್ಮಾನಿಸಿದರೆ ಹೀಗಾಗುತ್ತೆ. ಅದಕ್ಕೇ ನಾವು ನೆನಪಿಡಬೇಕು ಅಂತ ನಮಗನ್ನಿಸಿತು, ಇಬ್ಬರನ್ನೂ.

ಕಮಿಷನ್‌ನ ಭೇದವಿಲ್ಲದ ನಿಯಮ ಕೂಡ ಎಲ್ಲ ಕಡೆ ನಡೆದಿಲ್ಲ. 2021ರಲ್ಲಿ ಕಮಿಷನ್ ತಾನೇ ಪ್ರಕಟಿಸಿದ ವರದಿಯಲ್ಲಿ ಇದನ್ನು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನರನ್ನು ಹೆಸರು ಹೇಳಿ ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲದಿರಬಹುದು. ಇವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ ಮತ್ತು ಈಜಿಪ್ಟಿನವರು. ಭಾರತೀಯರೂ ಸೇರಿದಂತೆ ಇನ್ನೂ 45,000ದಿಂದ 54,000 ಜನರಿಗೆ ಬೇರೆಯವರಿಗೆ ಸಿಕ್ಕಷ್ಟು ಗೌರವ ಸಿಗಲಿಲ್ಲ. ವರದಿ ಬಂದ ಮೇಲೆ ಕಮಿಷನ್ ಕ್ಷಮೆ ಕೇಳಿತು.

ನೀವು ಇಂಥ ಕಡೆ ಹೋಗುವುದಾದರೆ ಒಂದು ಕೆಲಸ ಮಾಡಿ. ಹೊರಡುವ ಮೊದಲೇ ಕಮಿಷನ್‌ನ ವೆಬ್‌ಸೈಟ್‌ನಲ್ಲಿ ಹುಡುಕಿ. ವ್ಯಕ್ತಿಯ ಹೆಸರು ಹಾಕಿದರೆ ಸ್ಪೆಲ್ಲಿಂಗ್ ಕೈಕೊಡುತ್ತೆ. ರೆಜಿಮೆಂಟ್ ಜಾಗದಲ್ಲಿ ಮೈಸೂರು ಅಂತ ಹಾಕಿ ನೋಡಿ. ಕೆಲವು ದಾಖಲೆಗಳಲ್ಲಿ ತಂದೆಯ ಹೆಸರು, ಊರು ಕೂಡ ಇರುತ್ತೆ. ಸ್ಮಾರಕದ ಯಾವ ಕಾಲಂನಲ್ಲಿ ಹೆಸರಿದೆ ಅಂತಲೂ ಬರೆದಿರುತ್ತಾರೆ. ನಮ್ಮ ಹಾಗೆ ಕತ್ತು ನೋಯಿಸಿಕೊಳ್ಳಬೇಕಿಲ್ಲ.

ವೀಸಾ, ವಿಮಾನ ಯಾವುದೂ ಬೇಡ ಅಂದರೆ ಬೆಂಗಳೂರಲ್ಲೇ ಶುರು ಮಾಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಸ್ಮಾರಕ ಜೆ.ಸಿ. ನಗರದಲ್ಲಿದೆ. ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಯನ್ನು ಸೇರುವ ಕಡೆ ಇನ್ನೊಂದಿದೆ. ಅದು ಮದ್ರಾಸ್ ಪಯೊನಿಯರ್ಸ್ ಸೈನಿಕರದು. ಸೇನೆಗೆ ದಾರಿ ಮಾಡಿಕೊಡೋದು ಅವರ ಕೆಲಸ. ಒಂದು ರೀತಿಯಲ್ಲಿ ಸಿವಿಲ್ ಬ್ರಾಂಚ್‌ನವರಿಗೆ ಹಿರಿಯರು.

ಊರಿಗೆ ಬಂದ ಮುಂದಿನ ಭಾನುವಾರ ನಾವು ವಾಜರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಎಂ.ಜಿ. ರೋಡ್‌ನಲ್ಲಿ ಇಳಿದು ಅಲ್ಲಿಗೆ ಹೋದೆವು. ಪಿಯುಸಿಯಿಂದಲೂ ಆ ಕಂಬದ ಪಕ್ಕ ಎಷ್ಟು ಸಲ ಓಡಾಡಿದ್ದೆವೋ ಲೆಕ್ಕವಿಲ್ಲ. ಅವತ್ತೇ ಮೊದಲ ಸಲ ನಿಂತು ಓದಿದ್ದು.