ರೈತ ಕಂಪನಿಯ ಲೆಕ್ಕಪತ್ರಕ್ಕೆ ಬಾಡಿಗೆ ಕಂಪ್ಯೂಟರ್: ಕ್ಲೌಡ್‌ನಿಂದ ಆಗುವ ಲಾಭವೆಷ್ಟು?

ತೊಗರಿಯ ಸುಗ್ಗಿಯಲ್ಲಿ ರೈತ ಉತ್ಪಾದಕ ಕಂಪನಿಯ ಕಚೇರಿಗೆ ಹೋದವರಿಗೆ ಅಲ್ಲಿನ ಗಡಿಬಿಡಿ ಗೊತ್ತು. ಒಂದೆಡೆ ತೂಕ, ಇನ್ನೊಂದೆಡೆ ತೇವಾಂಶದ ಪರೀಕ್ಷೆ, ಚೀಟಿ ಬರೆಯುವವರ ಮುಂದೆ ರೈತರ ಸಾಲು. ಎರಡು ಮೂರು ತಿಂಗಳು ಕಳೆದರೆ ಅದೇ ಕಚೇರಿಯಲ್ಲಿ ಒಬ್ಬ ಗುಮಾಸ್ತನಿಗೂ ದಿನವಿಡೀ ಕೆಲಸವಿರುವುದಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಕೈತುಂಬ ಕೆಲಸ, ಉಳಿದ ಕಾಲ ಬಿಡುವು - ಇದು ಕೃಷಿ ವ್ಯವಹಾರದ ಸ್ವಭಾವ. ಇಂತಹ ವ್ಯವಹಾರಕ್ಕೆ ಕಂಪ್ಯೂಟರ್ ವ್ಯವಸ್ಥೆಯನ್ನು ಕೊಳ್ಳುವುದು ಮೇಲೋ, ಬಾಡಿಗೆಗೆ ಪಡೆಯುವುದು ಮೇಲೋ ಎಂಬುದು ಆಡಳಿತ ಮಂಡಳಿಗಳು ಯೋಚಿಸಬೇಕಾದ ವಿಷಯ. ಬಾಡಿಗೆಗೆ ಪಡೆಯುವ ಕ್ರಮಕ್ಕೆ ಕ್ಲೌಡ್ ಕಂಪ್ಯೂಟಿಂಗ್ ಎಂದು ಹೆಸರು.

ರೈತರು ತಮ್ಮದೇ ಕಂಪನಿಯನ್ನು ಕಟ್ಟಿಕೊಳ್ಳಲು ಕಂಪನಿ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿ ಅವಕಾಶ ನೀಡಿತು. ಹೊಸದಾಗಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಆರಂಭಿಸಿತು. ಈ ಯೋಜನೆಯಲ್ಲಿ ಪ್ರತಿ ಸಂಸ್ಥೆಗೆ ಮೂರು ವರ್ಷಗಳ ಅವಧಿಯಲ್ಲಿ 18 ಲಕ್ಷ ರೂಪಾಯಿವರೆಗೆ ಆಡಳಿತ ವೆಚ್ಚದ ನೆರವು ಗೊತ್ತುಮಾಡಲಾಯಿತು. ನೆರವಿನ ಅವಧಿ ಮುಗಿದ ಮೇಲೆ ಕಚೇರಿಯ ಖರ್ಚನ್ನು ಕಂಪನಿ ತನ್ನ ವ್ಯಾಪಾರದಿಂದಲೇ ಭರಿಸಬೇಕು. ಆದುದರಿಂದ ಪ್ರತಿಯೊಂದು ಬಾಬನ್ನೂ ಲೆಕ್ಕ ಹಾಕಿ ನೋಡುವುದು ಅಗತ್ಯ.

ಕ್ಲೌಡ್ ಎಂದರೇನು?

ಕ್ಲೌಡ್ ಎಂದರೆ ಇಂಗ್ಲಿಷಿನಲ್ಲಿ ಮೋಡ. ಹೆಸರು ಹೀಗಿದ್ದರೂ ಇದರಲ್ಲಿ ಆಕಾಶದ ಪಾಲು ಏನೂ ಇಲ್ಲ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರುಗಳನ್ನು ಜೋಡಿಸಿ, ಹಗಲಿರುಳು ವಿದ್ಯುತ್ತು ಮತ್ತು ತಂಪು ಒದಗಿಸಿ, ಕಾವಲಿಟ್ಟು ನಡೆಸುತ್ತಾರೆ. ಇವುಗಳನ್ನು ದತ್ತಾಂಶ ಕೇಂದ್ರಗಳೆನ್ನುತ್ತಾರೆ. ಇಂಟರ್ನೆಟ್ ಮೂಲಕ ದೂರದಿಂದಲೇ ಈ ಕಂಪ್ಯೂಟರುಗಳನ್ನು ಬಳಸಿ, ಬಳಸಿದಷ್ಟಕ್ಕೆ ಹಣ ಕೊಡುವುದೇ ಕ್ಲೌಡ್ ಪದ್ಧತಿ.

ರೈತರಿಗೆ ಇದು ಹೊಸ ತತ್ವವೇನಲ್ಲ. ಹತ್ತು ಎಕರೆಯ ರೈತ ಕಟಾವಿನ ಯಂತ್ರವನ್ನು ಕೊಳ್ಳುವುದಿಲ್ಲ; ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಖಾಸಗಿಯವರಿಂದಲೋ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಾನೆ. ಯಂತ್ರದ ರಿಪೇರಿ, ಶೆಡ್ಡು, ಬಿಡಿಭಾಗಗಳ ಚಿಂತೆ ಯಂತ್ರದ ಒಡೆಯನದು. ಕ್ಲೌಡ್ ಕೂಡ ಹಾಗೆಯೇ.

ಪುಸ್ತಕ ಮಾರಾಟದಿಂದ ವ್ಯಾಪಾರ ಆರಂಭಿಸಿದ ಅಮೆರಿಕದ ಅಮೆಜಾನ್ ಕಂಪನಿ 2006ರಲ್ಲಿ ದತ್ತಾಂಶ ಸಂಗ್ರಹವನ್ನೂ ಕಂಪ್ಯೂಟರ್ ಶಕ್ತಿಯನ್ನೂ ಹೀಗೆ ಬಾಡಿಗೆಗೆ ಕೊಡತೊಡಗಿತು. 2016ರಲ್ಲಿ ಅದು ಮುಂಬಯಿಯಲ್ಲಿಯೂ ಕೇಂದ್ರಗಳನ್ನು ತೆರೆಯಿತು. ಇತರ ಕಂಪನಿಗಳೂ ಭಾರತದಲ್ಲಿ ಕೇಂದ್ರಗಳನ್ನು ಸ್ಥಾಪಿಸಿವೆ.

ಕ್ಲೌಡ್ ಸೇವೆಯಲ್ಲಿ ಮೂರು ಬಗೆ. ಬರಿಯ ಕಂಪ್ಯೂಟರನ್ನು ಬಾಡಿಗೆಗೆ ಪಡೆಯುವುದು ಮೊದಲನೆಯದು. ತಂತ್ರಾಂಶ ತಯಾರಿಸಲು ಬೇಕಾದ ಸಿದ್ಧತೆಯೊಡನೆ ಪಡೆಯುವುದು ಎರಡನೆಯದು. ಲೆಕ್ಕಪತ್ರ, ದಾಸ್ತಾನು, ಬಿಲ್ಲುಗಳ ತಂತ್ರಾಂಶವನ್ನೇ ಸಿದ್ಧರೂಪದಲ್ಲಿ ಪಡೆಯುವುದು ಮೂರನೆಯದು. ರೈತ ಕಂಪನಿಗೆ ಸಾಮಾನ್ಯವಾಗಿ ಮೂರನೆಯದೇ ಸಾಕು.

ಖರ್ಚಿನ ಲೆಕ್ಕ

600 ಸದಸ್ಯರ ಒಂದು ಕಂಪನಿ ಜೂನ್ ಸುಮಾರಿಗೆ ಬೀಜ, ಗೊಬ್ಬರ ಮಾರುತ್ತದೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೊಗರಿ ಕೊಳ್ಳುತ್ತದೆ ಎಂದು ಭಾವಿಸಬಹುದು. ಈ ನಾಲ್ಕು ತಿಂಗಳು 6 ಮಂದಿ ಲೆಕ್ಕ ಬರೆಯಬೇಕು. ಉಳಿದ ಎಂಟು ತಿಂಗಳಿಗೆ ಇಬ್ಬರು ಸಾಕು. ಕೆಳಗಿನ ಅಂಕಿಗಳನ್ನು ಲೆಕ್ಕದ ಕ್ರಮ ತಿಳಿಯಲೆಂದು ಊಹಿಸಿಕೊಳ್ಳಲಾಗಿದೆ. ಆಯಾ ಕಂಪನಿಯವರು ತಮಗೆ ದೊರೆತ ದರಗಳನ್ನು ಹಾಕಿಕೊಂಡು ನೋಡಬೇಕು.

ಸ್ವಂತ ವ್ಯವಸ್ಥೆ (ಒಂದು ವರ್ಷಕ್ಕೆ):
ಕಂಪ್ಯೂಟರುಗಳು, ಬ್ಯಾಟರಿ, ತಂತ್ರಾಂಶಕ್ಕೆ 2,40,000 ರೂ.; 5 ವರ್ಷ ಬಾಳಿಕೆಯಂತೆ - 48,000 ರೂ.
ರಿಪೇರಿ, ನಿರ್ವಹಣೆ - 12,000 ರೂ.
ವಿದ್ಯುತ್ತು, ಇಂಟರ್ನೆಟ್ - 10,000 ರೂ.
ಒಟ್ಟು - 70,000 ರೂ.

ಕ್ಲೌಡ್ ವ್ಯವಸ್ಥೆ (ಒಬ್ಬ ಬಳಕೆದಾರನಿಗೆ ತಿಂಗಳಿಗೆ 700 ರೂ.ನಂತೆ, ಒಂದು ವರ್ಷಕ್ಕೆ):
4 ತಿಂಗಳು 6 ಮಂದಿಗೆ - 16,800 ರೂ.
8 ತಿಂಗಳು 2 ಮಂದಿಗೆ - 11,200 ರೂ.
ಎರಡು ಇಂಟರ್ನೆಟ್ ಸಂಪರ್ಕ - 12,000 ರೂ.
ಸಾಧಾರಣ ಕಂಪ್ಯೂಟರ್, ಪ್ರಿಂಟರ್‌ಗಳ ವಾರ್ಷಿಕ ಪಾಲು - 12,000 ರೂ.
ಒಟ್ಟು - 52,000 ರೂ.

ಈ ಲೆಕ್ಕದಂತೆ ವರ್ಷಕ್ಕೆ 18,000 ರೂ. ಉಳಿಯುತ್ತದೆ. ಮೊದಲಿಗೇ 2,40,000 ರೂ. ಬಂಡವಾಳ ಹಾಕುವ ಪ್ರಮೇಯವೂ ಇಲ್ಲ. ಆ ಹಣ ಬೀಜ, ಗೊಬ್ಬರದ ದಾಸ್ತಾನಿಗೆ ಒದಗುತ್ತದೆ.

ಆದರೆ ಒಂದು ಸಂಗತಿಯನ್ನು ಮರೆಯಬಾರದು. ಸುಗ್ಗಿ ಮುಗಿದ ಮೇಲೂ 6 ಮಂದಿಯ ಬಾಡಿಗೆಯನ್ನೇ ವರ್ಷವಿಡೀ ಕಟ್ಟಿದರೆ ಅದೊಂದೇ 50,400 ರೂ. ಆಗುತ್ತದೆ. ಒಟ್ಟು ಖರ್ಚು 74,400 ರೂ.ಗೆ ಏರಿ ಸ್ವಂತ ವ್ಯವಸ್ಥೆಗಿಂತ ದುಬಾರಿಯಾಗುತ್ತದೆ. ಕೆಲಸ ಮುಗಿದ ಟ್ರ್ಯಾಕ್ಟರನ್ನು ಹಿಂದಿರುಗಿಸದೆ ಅಂಗಳದಲ್ಲಿ ನಿಲ್ಲಿಸಿಕೊಂಡರೆ ಬಾಡಿಗೆ ಓಡುತ್ತಲೇ ಇರುತ್ತದೆ. ಬೇಡವಾದುದನ್ನು ಬೇಡವಾದ ದಿನವೇ ಬಿಡುವವನಿಗೆ ಮಾತ್ರ ಕ್ಲೌಡ್ ಅಗ್ಗ. ತಿಂಗಳ ಲೆಕ್ಕವಿಲ್ಲದೆ ವರ್ಷದ ಹಣವನ್ನು ಒಟ್ಟಿಗೇ ಕಟ್ಟಿಸಿಕೊಳ್ಳುವ ಸೇವೆಯಾದರೆ ಈ ಲಾಭ ಸಿಗುವುದಿಲ್ಲ.

ಹಣದ ಉಳಿತಾಯಕ್ಕಿಂತ ಮಿಗಿಲಾದ ಲಾಭಗಳು

1. ಲೆಕ್ಕದ ಭದ್ರತೆ: ಕಚೇರಿಯ ಒಂದೇ ಕಂಪ್ಯೂಟರಿನಲ್ಲಿ ಲೆಕ್ಕವಿದ್ದರೆ ಸಿಡಿಲು, ಬೆಂಕಿ, ಕಳವು ಇಲ್ಲವೆ ಯಂತ್ರದ ಕೆಡುಕಿನಿಂದ ಎಲ್ಲವೂ ಹೋಗಬಹುದು. ಯಾವ ರೈತನಿಗೆ ಎಷ್ಟು ಬಾಕಿ ಕೊಡಬೇಕೆಂಬುದೇ ತಿಳಿಯದಿದ್ದರೆ ಕಂಪನಿಯ ಮೇಲಿನ ನಂಬಿಕೆ ಉಳಿಯದು. ಕ್ಲೌಡ್‌ನಲ್ಲಿ ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇಡಿಸಲು ಸಾಧ್ಯ.

2. ಹಲವೆಡೆಯಿಂದ ಒಂದೇ ಲೆಕ್ಕ: ಮೂರು ಹಳ್ಳಿಗಳಲ್ಲಿ ಖರೀದಿ ನಡೆದರೂ ದಾಸ್ತಾನಿನ ಲೆಕ್ಕ ಒಂದೇ ಕಡೆ ಕೂಡುತ್ತದೆ. ವ್ಯಾಪಾರಿಗೆ ಎಷ್ಟು ಕ್ವಿಂಟಲ್ ಒಪ್ಪಿಸಬಹುದೆಂದು ಸಂಜೆಯೇ ಹೇಳಬಹುದು. ಲೆಕ್ಕ ಪರಿಶೋಧಕರು ತಮ್ಮ ಕಚೇರಿಯಿಂದಲೇ ಪುಸ್ತಕ ನೋಡಬಹುದು.

3. ಕಾನೂನಿನ ಪಾಲನೆ: ರೈತರ ಕಂಪನಿಯೂ ಕಾನೂನಿನ ದೃಷ್ಟಿಯಲ್ಲಿ ಕಂಪನಿಯೇ. ಲೆಕ್ಕದ ಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕು. ಕಂಪ್ಯೂಟರಿನಲ್ಲಿ ಲೆಕ್ಕವಿಡುವ ಕಂಪನಿ ಅದರ ಪ್ರತಿಯನ್ನು ದಿನದಿನವೂ ಭಾರತದೊಳಗಿನ ಸರ್ವರ್‌ನಲ್ಲಿ ಇರಿಸಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದಲಾಯಿತು. 2023ರ ಏಪ್ರಿಲ್ 1ರಿಂದ, ಲೆಕ್ಕದಲ್ಲಿ ಯಾವ ತಿದ್ದುಪಡಿ ಯಾವ ದಿನ ಆಯಿತೆಂಬ ಗುರುತು ತಂತ್ರಾಂಶದಲ್ಲಿ ಉಳಿಯಲೇಬೇಕು. ಹಳೆಯ ತಂತ್ರಾಂಶವಿರುವ ಸ್ವಂತ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಪಾಲಿಸುವುದು ತೊಡಕು. ಒಳ್ಳೆಯ ಕ್ಲೌಡ್ ತಂತ್ರಾಂಶದಲ್ಲಿ ಇದು ಅಡಕವಾಗಿರುತ್ತದೆ. ಆದರೂ ಹೊಣೆ ಮಾತ್ರ ಕಂಪನಿಯ ನಿರ್ದೇಶಕರದೇ.

ಸಹಕಾರ ಸಂಘಗಳ ಮಾದರಿ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳೂ ಇದೇ ದಾರಿ ಹಿಡಿದಿವೆ. 63,000 ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಒಂದೊಂದು ಸಂಘವೂ ಒಂದೊಂದು ತಂತ್ರಾಂಶ ಕೊಳ್ಳುವ ಬದಲು ಕ್ಲೌಡ್ ಆಧಾರಿತ ಸಮಾನ ತಂತ್ರಾಂಶ ಬಳಸುವುದು ಇದರ ಕ್ರಮ. ರೈತ ಕಂಪನಿಗಳೂ ನಾಲ್ಕಾರು ಸೇರಿ ಒಟ್ಟಿಗೆ ದರ ಕೇಳಿದರೆ ಕಡಿಮೆ ದರ ದೊರೆಯುವ ಸಂಭವವುಂಟು.

ಎಚ್ಚರಿಕೆಗಳು

ಕ್ಲೌಡ್‌ನಲ್ಲಿ ಇಟ್ಟ ಮಾತ್ರಕ್ಕೆ ಲೆಕ್ಕ ಭದ್ರವೆಂದು ತಿಳಿಯಬಾರದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಒಂದು ದತ್ತಾಂಶ ಕೇಂದ್ರ ಬೆಂಕಿಗೆ ಆಹುತಿಯಾಯಿತು. ಬೇರೆಡೆ ಪ್ರತಿ ಇಟ್ಟಿದ್ದವರು ಚೇತರಿಸಿಕೊಂಡರು. ಇಡದಿದ್ದ ಹಲವರ ದತ್ತಾಂಶ ಹೋಯಿತು. ಇಡೀ ಬೀಜವನ್ನು ಒಂದೇ ಕಣಜದಲ್ಲಿ ತುಂಬದಿರುವುದು ಇಲ್ಲಿಯೂ ಅನ್ವಯಿಸುವ ಜಾಣತನ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಆಡಳಿತ ಮಂಡಳಿಯವರು ಈ ಕೆಳಗಿನ ಅಂಶಗಳನ್ನು ಬರವಣಿಗೆಯಲ್ಲಿ ಪಡೆಯಬೇಕು:

1. ಬಳಕೆದಾರರ ಸಂಖ್ಯೆಯನ್ನು ತಿಂಗಳಿಂದ ತಿಂಗಳಿಗೆ ಏರಿಸಿ ಇಳಿಸಲು ಅವಕಾಶವಿದೆಯೇ?

2. ಎರಡನೆಯ ವರ್ಷದ ದರವೇನು? ಮೊದಲ ವರ್ಷದ ರಿಯಾಯಿತಿಯನ್ನು ಮಾತ್ರ ನೋಡಿ ಮೋಸಹೋಗಬಾರದು.

3. ಲೆಕ್ಕದ ಪ್ರತಿಗಳು ಭಾರತದೊಳಗೆ, ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಇರುತ್ತವೆಯೇ?

4. ಸೇವೆಯನ್ನು ಬಿಟ್ಟರೆ ಪೂರ್ತಿ ಲೆಕ್ಕವನ್ನು ಬೇರೆ ತಂತ್ರಾಂಶದಲ್ಲಿ ಬಳಸಬಹುದಾದ ರೂಪದಲ್ಲಿ ಮರಳಿ ಕೊಡುವರೇ? ಎಷ್ಟು ದಿನಗಳೊಳಗೆ?

5. ಸಂಪರ್ಕ ಕಡಿದಾಗ ಬರೆದ ಚೀಟಿಗಳನ್ನು ಆಮೇಲೆ ಸೇರಿಸಲು ಅನುಕೂಲವಿದೆಯೇ? ಸುಗ್ಗಿಯಲ್ಲಿ ಅಚ್ಚು ಹಾಕಿಸಿದ ಚೀಟಿ ಪುಸ್ತಕವೊಂದು ಕೈಯಲ್ಲಿರಲೇಬೇಕು.

ಇದಲ್ಲದೆ ಪ್ರತಿಯೊಬ್ಬ ನೌಕರನಿಗೂ ಬೇರೆ ಬೇರೆ ಪಾಸ್‌ವರ್ಡ್ ಇರಬೇಕು. ಕೆಲಸ ಬಿಟ್ಟವನ ಪಾಸ್‌ವರ್ಡನ್ನು ಅದೇ ದಿನ ರದ್ದುಮಾಡಬೇಕು. ಸದಸ್ಯರ ಆಧಾರ್, ಬ್ಯಾಂಕ್ ಖಾತೆಗಳ ವಿವರ ಹೊರಗೆ ಹೋಗದಂತೆ ನೋಡಿಕೊಳ್ಳುವುದು ಕಂಪನಿಯ ಕರ್ತವ್ಯ. ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಕಾಯಿದೆ ಮಾಡಿದೆ. ತಿಂಗಳಿಗೊಮ್ಮೆ ಪೂರ್ತಿ ಲೆಕ್ಕದ ಒಂದು ಪ್ರತಿಯನ್ನು ಕಂಪನಿ ತನ್ನ ಬಳಿಯೂ ತೆಗೆದಿಟ್ಟುಕೊಳ್ಳುವುದು ಉತ್ತಮ.

ಯಾವ ಕ್ಲೌಡ್ ಕೂಡ ತಪ್ಪು ತೂಕವನ್ನು ಸರಿಪಡಿಸಲಾರದು, ಬರೆಯದೆ ಬಿಟ್ಟ ಚೀಟಿಯನ್ನು ಹುಡುಕಿ ಕೊಡಲಾರದು. ಅಂದಂದಿನ ವ್ಯವಹಾರವನ್ನು ಅಂದಂದೇ ಬರೆಯುವ ಶಿಸ್ತು ಮೊದಲು ಬರಬೇಕು. ಆ ಶಿಸ್ತಿಲ್ಲದ ಕಂಪನಿ ಬಾಡಿಗೆ ಕಟ್ಟಿಯೂ ಫಲ ಕಾಣದು. ಲೆಕ್ಕ ಚೊಕ್ಕವಾಗಿರುವ ಕಂಪನಿ ಮೊದಲು ಒಂದು ಹಂಗಾಮಿಗೆ, ಬೀಜ ಮತ್ತು ಗೊಬ್ಬರದ ಮಾರಾಟಕ್ಕಷ್ಟೇ ಕ್ಲೌಡ್ ಬಳಸಿ ನೋಡಲಿ. ಹಳೆಯ ಪುಸ್ತಕವನ್ನೂ ಜೊತೆಗೇ ಬರೆಯಲಿ. ಎರಡೂ ತಾಳೆಯಾದ ಮೇಲೆ, ಮೇಲಿನ ರೀತಿಯಲ್ಲಿ ಖರ್ಚನ್ನು ಲೆಕ್ಕ ಹಾಕಿ, ತೊಗರಿ ಖರೀದಿಗೆ ವಿಸ್ತರಿಸುವುದು ಲೇಸು.